ಮಿಲ್ಲಿನ ಗೇಟಿನಲ್ಲಿ ಸೆರಗು

ಹೋದ ತಿಂಗಳು ಸೊಸೆಯ ಜೊತೆ ತುಮಕೂರಿನ ಹೊಸ ಅಂಗಡಿಯೊಂದಕ್ಕೆ ಹೋಗಿದ್ದೆ. ಬೇಕಾದ್ದನ್ನು ನಾವೇ ಕೈಯಾರೆ ಎತ್ತಿಕೊಂಡು, ಹೊರಡುವಾಗ ದುಡ್ಡು ಕೊಡುವಂಥ ಅಂಗಡಿ. ಕೊಂಡದ್ದು ಒಂದು ಸೋಪು, ಒಂದಿಷ್ಟು ಸಣ್ಣ ರವೆ. ಬಾಗಿಲಲ್ಲಿ ನಿಂತಿದ್ದ ಖಾಕಿ ಬಟ್ಟೆಯವನು, "ಅಜ್ಜೀ, ಬ್ಯಾಗ್ ಸ್ವಲ್ಪ ತೋರ್ಸಿ" ಅಂದ. ಅವನ ದನಿಯಲ್ಲಿ ಒರಟುತನವೇನೂ ಇರಲಿಲ್ಲ. ಬಂದವರನ್ನೆಲ್ಲ ಹಾಗೆಯೇ ಕೇಳುತ್ತಿದ್ದ. ನನ್ನ ಚೀಲದಲ್ಲಾದರೂ ಏನಿತ್ತು? ಕನ್ನಡಕದ ಡಬ್ಬಿ, ಬಿ.ಪಿ. ಮಾತ್ರೆ, ಎಂದೋ ಇಟ್ಟು ಮರೆತ ಅಡಿಕೆ ಹೋಳು. ತೆಗೆದು ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ನಾನು ಚೀಲಕ್ಕೆ ಕೈ ಹಾಕಲೇ ಇಲ್ಲ. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಸಿಕ್ಕಿಸಿದ್ದ ಸೆರಗನ್ನು ಎಳೆದು, ಎರಡೂ ಕೈಯಲ್ಲಿ ಅಂಚು ಹಿಡಿದು, ಅವನ ಮುಂದೆ ಪಟಪಟನೆ ಒದರಿಬಿಟ್ಟೆ. ಪಾಪ, ಅವನು ಎರಡು ಹೆಜ್ಜೆ ಹಿಂದಕ್ಕೆ ಹೋದ. ಹಿಂದೆ ನಿಂತಿದ್ದವರು ಕತ್ತು ಚಾಚಿ ನೋಡಿದರು. ಸೊಸೆ ನನ್ನ ತೋಳು ಹಿಡಿದು ಹೊರಗೆ ಕರೆತಂದಳು. ಆಟೋದಲ್ಲಿ ಕೂತ ಮೇಲೂ ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ನನ್ನ ವಯಸ್ಸಿನವರು ಏನು ಮಾಡಿದರೂ ಅದಕ್ಕೊಂದು ಕಾಯಿಲೆಯ ಹೆಸರಿದೆ ಎಂದು ಅವಳ ನಂಬಿಕೆ. ಯಾವ ಡಾಕ್ಟರ ಹತ್ತಿರ ತೋರಿಸಬೇಕೆಂದು ಯೋಚಿಸುತ್ತಿದ್ದಿರಬೇಕು.

ಕಾಯಿಲೆಯಲ್ಲ, ಅಭ್ಯಾಸ. ಐವತ್ತು ವರ್ಷದ ಹಿಂದಿನದು. ನಾನು ಮರೆತಿದ್ದೆ, ಕೈ ಮರೆತಿರಲಿಲ್ಲ.

ಆಗ ನಾವು ಮಧುಗಿರಿಯಲ್ಲಿದ್ದೆವು. ಎಲ್ಲಿ ನಿಂತು ತಲೆಯೆತ್ತಿದರೂ ಆ ಬೋಳು ಬೆಟ್ಟವೇ ಕಾಣುವ ಊರು. ಮಹಾರಾಜರ ಸರ್ಕಾರ, ಯುದ್ಧದ ಕಾಲ. ನನ್ನ ಯಜಮಾನರು ಮಿಲಿಟರಿ ಲಾರಿ ಓಡಿಸಲು ಹೋಗಿದ್ದರು, ಎಲ್ಲಿದ್ದಾರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮನೆಯಲ್ಲಿ ಇದ್ದವರು ನಾನು, ನಮ್ಮತ್ತೆ ಗಂಗಮ್ಮ, ಇಬ್ಬರೇ. ಲಿಂಗ ಕಟ್ಟಿದ ಮನೆತನ, ಒಂದು ಕಾಲಕ್ಕೆ ಅಂಗಡಿ ಇಟ್ಟಿದ್ದವರು ಎಂದೆಲ್ಲ ಅತ್ತೆ ಹೇಳುತ್ತಿದ್ದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಆ ಅಂಗಡಿಯ ತಕ್ಕಡಿ ಮಾತ್ರ ಉಳಿದಿತ್ತು, ಅದರ ಒಂದು ತಟ್ಟೆಯಲ್ಲಿ ನಾವು ಉಪ್ಪು ಇಡುತ್ತಿದ್ದೆವು. ಹಾಗಾಗಿ ಅತ್ತೆ ಸೊಸೆ ಇಬ್ಬರೂ ಶಿರಾ ರಸ್ತೆಯ ಕಡಲೆಕಾಯಿ ಮಿಲ್ಲಿಗೆ ಕೂಲಿಗೆ ಹೋಗುತ್ತಿದ್ದೆವು.

ಗೌಡಗೆರೆ, ಹುಲಿಕುಂಟೆ, ಪಾವಗಡದ ಕಡೆಯಿಂದೆಲ್ಲ ಗಾಡಿಗಳಲ್ಲಿ ಕಡಲೆಕಾಯಿ ಬರುತ್ತಿತ್ತು. ಒಂದು ಕಡೆ ಎಂಜಿನ್ನು ಕಾಯಿ ಒಡೆಯುತ್ತಿತ್ತು, ಇನ್ನೊಂದು ಕಡೆ ಎಣ್ಣೆ ಹಿಂಡುತ್ತಿತ್ತು. ನಡುವೆ ತಗಡಿನ ಕೊಟ್ಟಿಗೆಯಲ್ಲಿ ಹೆಂಗಸರು ಸಾಲಾಗಿ ಕೂತು, ಮೊರದಲ್ಲಿ ಬೀಜ ಹರಡಿಕೊಂಡು ಕಲ್ಲು, ಜಳ್ಳು, ಮುಗ್ಗಲು ಆರಿಸಬೇಕು. ಮನೆಗೆ ಹೋಗಿ ತಲೆ ಬಿಚ್ಚಿದರೆ ಹೊಟ್ಟಿನ ಧೂಳು ಉದುರುತ್ತಿತ್ತು. ನಾಲ್ಕನೇ ಕ್ಲಾಸು ಓದಿದ ಜಂಬ ನನ್ನದು. ಕೂತಲ್ಲಿ ಬೆನ್ನು ನೆಟ್ಟಗೆ ಇಟ್ಟುಕೊಂಡು, ಈ ಕೆಲಸಕ್ಕೂ ನನಗೂ ಸಂಬಂಧವಿಲ್ಲ ಎನ್ನುವಂತೆ ಆರಿಸುತ್ತಿದ್ದೆ. ಆರಿಸುವುದರಲ್ಲಿ ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದೆ ಎಂಬುದು ಬೇರೆ ಮಾತು.

ಸಂಜೆ ಗೇಟಿನಲ್ಲಿ ತಪಾಸಣೆ. ನಾವು ಮಡಿಲಲ್ಲಿ ಬೀಜ ಕದ್ದೊಯ್ಯುತ್ತೇವೆಂದು ಮಿಲ್ಲಿನ ಸಾಹುಕಾರರ ಅನುಮಾನ. ಅದಕ್ಕೆ ಒಬ್ಬನನ್ನು ನಿಲ್ಲಿಸಿದ್ದರು. ಅವನನ್ನು ಎಲ್ಲರೂ ದಫೇದಾರ ಅನ್ನುತ್ತಿದ್ದರು, ಯಾವ ಪಟಾಲಮ್ಮಿನ ದಫೇದಾರನೋ ಶಿವನೇ ಬಲ್ಲ. ಹಿತ್ತಾಳೆ ತುದಿಯ ಒಂದು ಬೆತ್ತ ಅವನ ಕೈಯಲ್ಲಿ ಸದಾ ಇರುತ್ತಿತ್ತು. ಒಬ್ಬೊಬ್ಬಳೂ ಅವನ ಮುಂದೆ ನಿಂತು ಸೆರಗು ಒದರಬೇಕು, ಮಡಿಲು ಬಿಚ್ಚಿ ತೋರಿಸಬೇಕು. ಸಾಲದು ಅನ್ನಿಸಿದರೆ ಬೆತ್ತದ ತುದಿಯಿಂದ ನೆರಿಗೆ ಎತ್ತಿ ನೋಡುತ್ತಿದ್ದ. ಅವನಿಗೆ ಯಾರ ವಿಷಯದಲ್ಲಿ ಸಾಲುತ್ತಿತ್ತು, ಯಾರ ವಿಷಯದಲ್ಲಿ ಸಾಲುತ್ತಿರಲಿಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ವಯಸ್ಸಾದ ನಮ್ಮತ್ತೆ ಬೇಗ ಆಚೆ ಹೋಗಿ ನನಗಾಗಿ ಕಾಯುತ್ತಿದ್ದರು.

ನಮ್ಮ ಜೊತೆ ಚಾಂದ್‌ಬಿ ಎಂಬವಳಿದ್ದಳು. ಶಿರಾದ ಹುಡುಗಿ, ಮದುವೆಯಾಗಿ ನಮ್ಮೂರಿಗೆ ಬಂದಿದ್ದಳು. ಎಳೇ ಕೂಸನ್ನು ಕೊಟ್ಟಿಗೆಯ ಮೂಲೆಯಲ್ಲಿ ಹಳೇ ಬಟ್ಟೆಯ ಜೋಲಿಯಲ್ಲಿ ಮಲಗಿಸಿ ಕೆಲಸ ಮಾಡುತ್ತಿದ್ದಳು. ಒಂದು ಸಂಜೆ ದಫೇದಾರ ಆ ಕೂಸಿನ ಬಟ್ಟೆ ಬಿಚ್ಚಿಸಿದ. ಏನೂ ಸಿಗಲಿಲ್ಲ. ಮಡಿಲು ಬಿಚ್ಚಿಸಿದ. ಅಲ್ಲೂ ಸಿಗಲಿಲ್ಲ. ಆಮೇಲೆ ಬೆತ್ತವನ್ನು ಅವಳ ಹೆಗಲಿನ ಸೆರಗಿನ ಕೆಳಗೆ ತೂರಿಸಿ ಮೇಲಕ್ಕೆ ಎತ್ತಿದ. ಸೆರಗು ಜಾರಿ ಕೆಳಗೆ ಬಿತ್ತು. ಹಿಂದೆ ಎಂಜಿನ್ ಮನೆಯ ಗಂಡಸರೆಲ್ಲ ನಿಂತಿದ್ದರು. ಚಾಂದ್‌ಬಿ ಕೂಗಲಿಲ್ಲ, ಬಗ್ಗಿ ಸೆರಗನ್ನೂ ಎತ್ತಿಕೊಳ್ಳಲಿಲ್ಲ. ಕೂಸನ್ನೇ ಎದೆಗೆ ಅಡ್ಡ ಹಿಡಿದುಕೊಂಡು ನಿಂತಳು.

ನಮ್ಮ ಸಾಲಿನ ಹಿರಿಯಳು ಅಂಜಿನಮ್ಮ. ಪಾವಗಡದ ಆಚೆಯವಳು, ಮಾತಿನಲ್ಲಿ ಅರ್ಧ ತೆಲುಗು. ಅವಳು ನುಗ್ಗಿ ಹೋಗಿ ಸೆರಗನ್ನು ಎತ್ತಿ ಚಾಂದ್‌ಬಿಗೆ ಹೊದಿಸಿದಳು. ದಫೇದಾರನ ಕಡೆ ತಿರುಗಿಯೂ ನೋಡಲಿಲ್ಲ. ನಮಗೆ ಹೇಳಿದಳು:

"ಇಂಕ ಚಾಲು. ಇಷ್ಟು ದಿನ ಒದರಿದ್ದು ಸಾಕು. ರೇಪು ಯಾರೂ ಒಳಕ್ಕೆ ಕಾಲಿಡಕೂಡ್ದು, ಏಮಮ್ಮಾ?"

ನಾಳೆಗೆ ಅವಳು ರೇಪು ಅನ್ನುತ್ತಿದ್ದಳು. ಆ ರೇಪು ನಾವು ಯಾರೂ ಒಳಕ್ಕೆ ಹೋಗಲಿಲ್ಲ. ಅದಕ್ಕೆ ಸ್ಟ್ರೈಕು ಅನ್ನುತ್ತಾರೆಂದು ಎಂಜಿನ್ ಮನೆಯ ಗಂಡಸರು ಹೇಳಿಕೊಟ್ಟರು. ಅವರೂ ನಾಚಿಕೆಯಿಂದಲೋ ಮರ್ಯಾದೆಯಿಂದಲೋ ನಮ್ಮ ಜೊತೆ ಹೊರಗೆ ಬಂದರು. ಕೆರೆಯ ಪಕ್ಕದ ಹುಣಸೆಮರದ ಕೆಳಗೆ ನಮ್ಮ ಸಭೆ. ನಾವು ಕೇಳಿದ್ದು ಒಂದೇ. ಗೇಟಿನಲ್ಲಿ ಗಂಡಸಿನ ಕೈಯಾಗಲೀ ಕೋಲಾಗಲೀ ಹೆಂಗಸರ ಮೈಗೆ ತಾಗಬಾರದು.

ಸಾಹುಕಾರರು ಯಾರನ್ನೂ ಮಾತಿಗೆ ಕರೆಯಲಿಲ್ಲ. ಆಗ ಅಂಜಿನಮ್ಮ ಒಂದು ಉಪಾಯ ಹೇಳಿದಳು. ತಾಲ್ಲೂಕಿನ ಅಮಲ್ದಾರರು ಊರಿನಲ್ಲೇ ಇದ್ದಾರೆ, ನಾಲ್ಕು ಜನ ಹೋಗಿ ಕಣ್ಣಾರೆ ಬಂದು ನೋಡಿ ಎಂದು ಬೇಡಿಕೊಳ್ಳೋಣ. ಸರಿ, ಹೋದರು. ಅಮಲ್ದಾರರು ಒಳ್ಳೆಯ ಮನುಷ್ಯರು, ಮಾರನೆಯ ದಿನವೇ ಮಿಲ್ಲಿಗೆ ಬಂದರು. ಬಂದು ನೋಡಿದರೆ ಗೇಟಿನಲ್ಲಿ ದಫೇದಾರನೇ ಇಲ್ಲ! ಹಣೆ ತುಂಬ ವಿಭೂತಿ ಇಟ್ಟುಕೊಂಡ ಮುದುಕಿಯೊಬ್ಬಳು ಸ್ಟೂಲಿನ ಮೇಲೆ ಕೂತಿದ್ದಾಳೆ. "ನಮ್ಮಲ್ಲಿ ಹೆಂಗಸರನ್ನು ಹೆಂಗಸರೇ ನೋಡೋದು ಸ್ವಾಮಿ" ಎಂದು ಸಾಹುಕಾರರು ಕೈ ಮುಗಿದರು. ಅಮಲ್ದಾರರು ನಮ್ಮ ಕಡೆ ಒಂದು ಥರ ನೋಡಿ ಹೊರಟುಹೋದರು. ಮಧ್ಯಾಹ್ನದ ಹೊತ್ತಿಗೆ ಆ ಮುದುಕಿಯೂ ಇಲ್ಲ, ಸ್ಟೂಲೂ ಇಲ್ಲ.

ಇರಲಿ, ಅಮಲ್ದಾರರು ಬರುವುದು ಸಾಹುಕಾರರಿಗೆ ಯಾರ ಬಾಯಿಂದಲೋ ತಿಳಿದಿರಬಹುದು ಅಂದುಕೊಂಡೆವು. ಆಮೇಲೆ ಪುರವರದ ಕಡೆಯಿಂದ ಗಾಡಿಗಳಲ್ಲಿ ಬೇರೆ ಹೆಂಗಸರನ್ನು ಕೆಲಸಕ್ಕೆ ತರಿಸುತ್ತಾರೆಂದು ಸುದ್ದಿ ಬಂತು. ಗಾಡಿ ಬರುವ ರಸ್ತೆಗೇ ಅಡ್ಡ ಕೂತು ಆ ಹೆಂಗಸರ ಜೊತೆ ಮಾತಾಡುವುದೆಂದು ಮರದ ಕೆಳಗೆ ಗುಟ್ಟಾಗಿ ತೀರ್ಮಾನವಾಯಿತು. ಬೆಳಿಗ್ಗೆ ಹೋಗಿ ಕೂತೆವು. ಬಿಸಿಲೇರಿತು. ಒಂದು ಗಾಡಿಯೂ ಬರಲಿಲ್ಲ. ಊರಿಗೆ ಹಿಂತಿರುಗಿದಾಗ ಮಿಲ್ಲಿನ ಎಂಜಿನ್ನು ಗುಡುಗುಡು ಅನ್ನುತ್ತಿತ್ತು. ಗಾಡಿಗಳು ಹೆಂಗಸರನ್ನೂ ಎಂಜಿನ್ನು ನಡೆಸುವವರನ್ನೂ ಹೊತ್ತು ಕೆರೆ ಏರಿಯ ಮೇಲೆ ಸುತ್ತಿಕೊಂಡು ಬಂದಿದ್ದವು.

ಅಂದಿನಿಂದ ಮರದ ಕೆಳಗಿನ ಗಾಳಿಯೇ ಬದಲಾಯಿತು ನೋಡಿ. ಯಾರೋ ಹೇಳುತ್ತಿದ್ದಾರೆ. ನಮ್ಮಲ್ಲೇ ಒಬ್ಬರು. ಅಲ್ಲಿಯವರೆಗೆ ಗಟ್ಟಿಯಾಗಿ ಮಾತಾಡಿಕೊಂಡು ಒಬ್ಬರ ತಲೆ ಒಬ್ಬರು ಬಾಚುತ್ತಿದ್ದವರು ಇಬ್ಬಿಬ್ಬರಾಗಿ ದೂರ ದೂರ ಕೂತರು. ಒಬ್ಬಳು ನೀರು ಕುಡಿಯಲು ಎದ್ದರೆ ಉಳಿದವರು ಅವಳು ಯಾವ ದಿಕ್ಕಿಗೆ ಹೋದಳೆಂದು ನೋಡುವರು. ನನಗೆ ಅಕ್ಷರ ಬರುತ್ತದೆ, ಆದ್ದರಿಂದ ನನ್ನ ಮೇಲೂ ಕೆಲವರಿಗೆ ಅನುಮಾನ. ನನಗೆ ಅಂಜಿನಮ್ಮನ ಮೇಲೆಯೇ ಅನುಮಾನ. ಇಷ್ಟು ಜೋರಾಗಿ ಕೂಗುವವಳು ಒಳಗೊಳಗೆ ಏನೋ ಮುಚ್ಚಿಡುತ್ತಿರಬೇಕೆಂದು ನನ್ನ ನಾಲ್ಕನೇ ಕ್ಲಾಸಿನ ಬುದ್ಧಿ ತರ್ಕ ಮಾಡಿತು. ಅನುಮಾನಕ್ಕೆ ಏನು ಬೇಕು ಹೇಳಿ? ಜೋರಾಗಿ ಮಾತಾಡಿದರೂ ಸಾಕು, ಸುಮ್ಮನಿದ್ದರೂ ಸಾಕು.

ಕೊನೆಗೆ ಅದು ಹೋಗಿ ಬಿದ್ದದ್ದು ಚಾಂದ್‌ಬಿಯ ಮೇಲೆ. ಅವಳ ಮೈದುನ ಸಾಹುಕಾರರ ಮನೆಯ ಜಟಕಾ ಹೊಡೆಯುತ್ತಿದ್ದ. ಅಷ್ಟೇ ಸಾಕಾಯಿತು. ಯಾರೋ ಒಬ್ಬಳು, "ಮನೇಲಿ ಮೈದ್ನ ಅವ್ನೆ, ಇವ್ಳು ಹೇಳ್ತಾಳೆ, ಅವ್ನು ಜಟಕಾದಾಗೆ ಒತ್ಕಂಡೋಗ್ತಾನೆ. ಇನ್ನೆಂಗೆ ಗೊತ್ತಾಯ್ತದೆ?" ಅಂದಳು.

"ಅಲ್ಲಾ ಕಸಮ್, ನಾನ್ ಏನೂ ಹೇಳಿಲ್ಲ ಕಣಕ್ಕಾ" ಎಂದು ಚಾಂದ್‌ಬಿ ಕೂಸಿನ ತಲೆ ಮೇಲೆ ಕೈಯಿಟ್ಟಳು. "ನನ್ ಸೆರಗು ಬಿದ್ದಿದ್ದಕ್ಕೆ ತಾನೆ ನೀವೆಲ್ಲ ಹೊರಗೆ ಬಂದಿದ್ದು. ನಾನ್ಯಾಕೆ ಹೇಳ್ಲಿ?"

ಸ್ವಲ್ಪ ಹೊತ್ತಿನಲ್ಲಿ ಅವಳ ಅಕ್ಕಪಕ್ಕ ಕೂತವರು ಒಬ್ಬೊಬ್ಬರಾಗಿ ಎದ್ದರು. ಮರದ ಆ ಬೇರಿನ ಹತ್ತಿರ ಅವಳೂ ಕೂಸೂ ಇಬ್ಬರೇ ಉಳಿದರು. ಮಾರನೆಯ ದಿನವೂ ಬಂದು ಅವಳು ಅಲ್ಲಿಯೇ ಕೂತಳು. ಅದರ ಮಾರನೆಯ ದಿನವೂ. ಮನೆಯಲ್ಲಿ ಉಳಿದುಬಿಟ್ಟಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಅವಳು ಬರುತ್ತಲೇ ಇದ್ದಳು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ನಮ್ಮತ್ತೆ ಮನೆಗೆ ಬಂದು ನನ್ನ ಪಕ್ಕ ಕೂತರು. ಅವರ ಬಾಯಿಂದ ಲವಂಗದ ವಾಸನೆ ಬಂತು.

ನಮ್ಮ ಮನೆಯಲ್ಲಿ ಎಲೆ ಅಡಿಕೆಯೇ ದುರ್ಲಭ. ಸ್ಟ್ರೈಕಿನ ದಿನಗಳಲ್ಲಿ ಮುದ್ದೆಗೆ ಉಪ್ಪುಸಾರು ಕಾಯಿಸಿಕೊಂಡು ಇದ್ದೆವು. ಲವಂಗ ಎಲ್ಲಿಂದ ಬರಬೇಕು? ತುಟಿಯೂ ಒಳ್ಳೆಯ ಚಿಗುರೆಲೆ ಹಾಕಿದವರಂತೆ ಕೆಂಪಗಿತ್ತು. ನಾನು ಕೇಳಲಿಲ್ಲ. ಮಾರನೆಯ ದಿನ ನೋಡಿಕೊಂಡೆ, ಅದೇ ಹೊತ್ತಿಗೆ ಎದ್ದು ಹೊರಟರು. ಬಂದಾಗ ಅದೇ ವಾಸನೆ. ಅದರ ಮುಂದಿನ ದಿನ ಅವರ ಹಿಂದೆ, ಗೋಡೆಯ ನೆರಳು ಹಿಡಿದುಕೊಂಡು ನಾನೂ ಹೊರಟೆ. ಸ್ವಂತ ಅತ್ತೆಯ ಹಿಂದೆ ಕಳ್ಳಹೆಜ್ಜೆ ಇಟ್ಟುಕೊಂಡು ಹೋಗುವ ಸೊಸೆಯನ್ನು ಯಾರಾದರೂ ನೋಡಿದ್ದರೆ ನಕ್ಕುಬಿಡುತ್ತಿದ್ದರು. ಎದುರಿಗೆ ಬಂದ ಎಮ್ಮೆಯೊಂದು ಮಾತ್ರ ನೋಡಿತು.

ಅತ್ತೆ ಪೇಟೆ ದಾಟಿ ಸಾಹುಕಾರರ ಮನೆಯ ಹಿತ್ತಿಲ ಬಾಗಿಲಿಂದ ಒಳಗೆ ಹೋದರು.

ಅಲ್ಲಿನ ದನದ ಕೊಟ್ಟಿಗೆಯ ಗೋಡೆಯ ಸಂದಿನಿಂದ ನೋಡಿದೆ. ಸಾಹುಕಾರರ ತಾಯಿ ಶಿವಮ್ಮನವರು ಚಾಪೆಯ ಮೇಲೆ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಮ್ಮತ್ತೆ ಅವರ ಎದುರಿಗೆ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಿದ್ದರು. ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದರು, ನಡುವೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಮನೆಯಲ್ಲಿ ದಿನಕ್ಕೆ ನಾಲ್ಕು ಮಾತಾಡುವ ಹೆಂಗಸು! ಅವರು ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಾಯಿಬಿಟ್ಟು ಕೇಳಿಯೇಬಿಟ್ಟೆ. ಅತ್ತೆ ಮುಚ್ಚಿಡಲಿಲ್ಲ.

"ಹೂಂ ಕಣಮ್ಮ, ಹೋಗ್ತೀನಿ. ನಾವಿಬ್ರೂ ಹುಲಿಕುಂಟೆಯವ್ರು. ಒಂದೇ ಕೇರಿ. ಅವ್ಳು ನನ್ನ ಗಂಗಿ ಅಂತಾಳೆ, ನಾನು ಶಿವಿ ಅಂತೀನಿ. ಈ ಊರಾಗೆ ನನ್ನ ಗಂಗಿ ಅನ್ನೋರು ಇನ್ಯಾರವ್ರೆ?"

"ಏನ್ ಮಾತಾಡ್ತೀರಿ ಅಲ್ಲಿ?"

"ಎಲ್ಲಾನೂ. ಅವಳ್ಗೆ ಹೇಳ್ದೆ ಇರ್ತೀನಾ? ಅವ್ಳ ಮಗ ಗೇಟ್ನಾಗೆ ಏನ್ ಮಾಡಿಸ್ತಾವ್ನೆ ಅಂತ ಅವಳ್ಗೆ ತಿಳೀಬೇಕು. ಕೇಳಿ ಕಣ್ಣೀರಾಕಿದ್ಲು, ಗೊತ್ತಾ?"

"ಅಮಲ್ದಾರ್ರು ಬರ್ತಾರೆ ಅಂತಾನೂ ಹೇಳಿದ್ರಾ? ಪುರವರದ ದಾರೀಲಿ ಕೂರ್ತೀವಿ ಅಂತಾನೂ?"

ಅತ್ತೆ ದೀಪದ ಬತ್ತಿ ಸರಿಮಾಡಿದರು. "ಹೇಳ್ದೆ. ಅದ್ಕೇನಂತೆ? ಶಿವಿ ಮಗನ ಮುಂದೆ ಬಾಯ್ ಬುಡೋಳಲ್ಲ. ಬೇರೆ ಯಾರೋ ಹೇಳವ್ರೆ ಬುಡು. ಆ ಸಾಬರ ಹುಡ್ಗಿನೇ ಇದ್ರೂ ಇರ್ಬೌದು."

ನನಗೆ ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಮರದ ಬೇರಿನ ಹತ್ತಿರ ಒಂಟಿಯಾಗಿ ಕೂತವಳು ಕಣ್ಣ ಮುಂದೆ ಬಂದಳು. ಅವಳಲ್ಲ ಎಂದು ನನಗೀಗ ಗೊತ್ತು. ಆದರೆ ಗಂಡ ದೇಶಾಂತರದಲ್ಲಿರುವಾಗ ಅವನ ತಾಯಿಯನ್ನು ಎಲ್ಲರೆದುರು ನಿಲ್ಲಿಸಿ ಇವರೇ ಎಂದು ಬೆರಳು ತೋರಿಸುವುದು ಹೇಗೆ? ತೋರಿಸಿದರೂ ಅತ್ತೆ ಒಪ್ಪಬೇಕಲ್ಲ. ಅವರಿಗೆ ಗೆಳತಿಯ ಮೇಲಿದ್ದ ನಂಬಿಕೆ ಕಲ್ಲಿನಂಥದು.

ಯೋಚಿಸಿ ಒಂದು ಕೆಲಸ ಮಾಡಿದೆ. ಮಾರನೆಯ ಬೆಳಿಗ್ಗೆ ಒಲೆ ಊದುತ್ತಾ, ಮಾತಿಗೆ ಮಾತು ಬಂದಂತೆ, "ನಾಳೆ ಎಲ್ಲಾರೂ ಕೊರಟಗೆರೆ ರಸ್ತೇಲಿ ಸೇರ್ಬೇಕಂತೆ ಅತ್ತೆ, ಎಣ್ಣೆ ಡಬ್ಬದ ಗಾಡಿ ಆ ಕಡೆಯಿಂದ ಹೋಗ್ತಾವಂತೆ, ತಡೀಬೇಕಂತೆ" ಅಂದೆ. ಯಾರೂ ಹಾಗೆ ತೀರ್ಮಾನಿಸಿರಲಿಲ್ಲ. ಅದು ನನ್ನ ಒಬ್ಬಳ ಸೃಷ್ಟಿ. ಅತ್ತೆ "ಹೂಂ" ಅಂದರು. ಮಧ್ಯಾಹ್ನ ಎಂದಿನಂತೆ ಎದ್ದು ಹೋದರು.

ಮರುದಿನ ಹೊತ್ತು ಮೂಡಿದ ಮೇಲೆ, "ಬನ್ನಿ ಅತ್ತೆ, ಕೊರಟಗೆರೆ ರಸ್ತೆ ತನಕ ಹೋಗಿ ಬರೋಣ" ಎಂದು ಕರೆದುಕೊಂಡು ಹೋದೆ. ಊರು ದಾಟಿ ಸ್ವಲ್ಪ ದೂರದಲ್ಲಿ ದಫೇದಾರ ನಿಂತಿದ್ದ. ಅವನ ಜೊತೆ ಕೋಲು ಹಿಡಿದ ಸಾಹುಕಾರರ ಆಳುಗಳು. ರಸ್ತೆಯ ಉದ್ದಕ್ಕೂ ಯಾವ ಗಾಡಿಯೂ ಇರಲಿಲ್ಲ, ನಮ್ಮಲ್ಲಿ ಒಬ್ಬಳೂ ಇರಲಿಲ್ಲ. ಅವರು ಯಾರಿಗಾಗಿ ಕಾಯುತ್ತಿದ್ದಾರೆಂದು ಅವರಿಗೇ ಅನುಮಾನ ಬಂದಂತೆ ಆ ಕಡೆ ಈ ಕಡೆ ನೋಡುತ್ತಿದ್ದರು.

ಅತ್ತೆ ಬೇಲಿಯ ಪಕ್ಕ ನಿಂತು ನೋಡಿದರು. "ಇವ್ರ್ಯಾಕೆ ಇಲ್ಲವ್ರೆ?" ಅಂದರು.

"ಈ ಮಾತನ್ನ ನಾನು ನಿಮಗೊಬ್ರಿಗೇ ಹೇಳಿದ್ದು ಅತ್ತೆ. ಯಾರೂ ಇಲ್ಲಿಗೆ ಬರೋರಿರಲಿಲ್ಲ."

ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ತೊಟ್ಟಿಲಿನಿಂದ ಬಿದ್ದ ಮಗು ಅಳುವುದಕ್ಕೆ ಮುಂಚೆ ನೋಡುತ್ತದಲ್ಲ, ಹಾಗೆ ನೋಡಿದರು. "ಶಿವಿ..." ಅಂದರು.

ಅಲ್ಲಿಂದ ನೇರ ಹುಣಸೆಮರದ ಹತ್ತಿರ ಹೋದರು. ನಾನು ಹಿಂದೆ ಓಡಬೇಕಾಯಿತು. ಎಲ್ಲರ ನಡುವೆ ನಿಂತು, ಉಸಿರು ಸರಿಮಾಡಿಕೊಳ್ಳದೆ ಹೇಳಿದರು:

"ಚಾಂದ್‌ಬೀದು ಏನೂ ತಪ್ಪಿಲ್ಲ. ನಾನೇ ಹೇಳಿದ್ದು. ಸಾಹುಕಾರನ ತಾಯಿ ನನ್ ಗೆಣೆಕಾತಿ. ಅವಳ್ಗೆ ಅಂತ ಹೇಳ್ದೆ, ಅವ್ಳು ಮಗನ್ಗೆ ಹೇಳವ್ಳೆ. ಬೈಯ್ಯೋದಾದ್ರೆ ನನ್ನ ಬೈರಿ."

ಅಂಜಿನಮ್ಮ, "ಗಂಗಮ್ಮಾ, ನೀವಾ?" ಅಂದಳು, ಅಷ್ಟೇ. ಬಯ್ಗುಳಕ್ಕಿಂತ ಅದು ಕೆಟ್ಟದಾಗಿತ್ತು. ಅತ್ತೆ ತಿರುಗಿ ಪೇಟೆಯ ಕಡೆ ನಡೆದರು. ನಾನೂ ಅವರ ಹಿಂದೆಯೇ. ನಮ್ಮ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಬಂದರು. ಇವಳು ಮತ್ತೇನು ಹೇಳಲು ಹೋಗುತ್ತಿದ್ದಾಳೋ ಎಂಬ ಅನುಮಾನದಿಂದಲೇ ಬಂದರೆಂದು ನನ್ನ ಎಣಿಕೆ.

ಈ ಸಲ ಅತ್ತೆ ಹಿತ್ತಿಲಿಗೆ ಹೋಗಲಿಲ್ಲ. ಸಾಹುಕಾರರ ಮನೆಯ ಮುಂಬಾಗಿಲಿಗೆ ಹೋಗಿ ಜಗಲಿಯ ಕೆಳಗೆ ನಿಂತರು. ಜಗಲಿಯ ಮೇಲೆ ಸಾಹುಕಾರರು, ಇಬ್ಬರು ದಲ್ಲಾಳಿಗಳು ಕೂತಿದ್ದರು. "ಶಿವೀ, ಹೊರಕ್ ಬಾರೇ" ಎಂದು ಅತ್ತೆ ಕೂಗಿದರು. ಆ ಮನೆಯ ಯಜಮಾನಿಯನ್ನು ಬೀದಿಯಲ್ಲಿ ಹಾಗೆ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಸಾಹುಕಾರರು ಎದ್ದು ನಿಂತರು. ಅಷ್ಟರಲ್ಲಿ ಶಿವಮ್ಮನವರು ಹೊಸ್ತಿಲಿಗೆ ಬಂದರು.

ಅತ್ತೆ ಸೆರಗಿನ ಎರಡೂ ಅಂಚು ಹಿಡಿದು ಅವರ ಮುಂದೆ ಒದರಿದರು.

"ನೋಡ್ಕೋ ಕಣೇ. ಇನ್ನೇನೂ ಉಳಿದಿಲ್ಲ. ನಿನ್ ಮಗ ದಿನಾ ಸಂಜೆ ಗೇಟ್ನಾಗೆ ನಮ್ ಸೆರಗು ಒದರ್ಸಿ ನೋಡ್ದ. ನೀನು ದಿನಾ ಮಧ್ಯಾನ ಎಲೆ ಅಡಿಕೆ ಕೊಟ್ಟು ಒದರ್ಸಿ ನೋಡ್ದೆ. ಅವ್ನೇ ವಾಸಿ. ಅವ್ನು ಬೆತ್ತ ಇಡ್ಸಿ ಆಳ್ನ ನಿಲ್ಲಿಸ್ತಾನೆ, ನಮ್ಗೂ ಗೊತ್ತಾಯ್ತದೆ."

ಶಿವಮ್ಮನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಅವ್ನು ಕೇಳ್ದ ಗಂಗೀ. ಮಗ ಕೇಳ್ದ..." ಅಂದರು. ಅತ್ತೆ ಅದನ್ನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಮೂರೋ ನಾಲ್ಕೋ ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ನಾವು ಮಿಲ್ಲಿನ ಗೇಟಿನ ಎದುರು ಕೂತಿದ್ದಾಗ ಸಾಹುಕಾರರ ಜಟಕಾ ಬಂದು ನಿಂತಿತು. ಶಿವಮ್ಮನವರು ಇಳಿದರು. ಆಳುಗಳು, ಎಂಜಿನ್ನಿನವರು, ನಾವು, ಎಲ್ಲರೂ ನೋಡುತ್ತಿರುವಾಗ ದಫೇದಾರನ ಮುಂದೆ ಹೋಗಿ ನಿಂತು, "ಎಲ್ಲಾರ್ನೂ ನೋಡ್ತೀಯಲ್ಲ, ನನ್ನೂ ನೋಡು" ಅಂದರು. ತಮ್ಮ ಸೆರಗನ್ನು ಹೆಗಲಿನಿಂದ ಇಳಿಸಲು ಕೈ ಹಾಕಿದರು. ದಫೇದಾರ ಬೆತ್ತ ಕೆಳಗೆ ಹಾಕಿ ಎರಡೂ ಕೈ ಮುಗಿದ. ಒಳಗಿನಿಂದ ಸಾಹುಕಾರರು ಓಡಿ ಬಂದು, "ಅವ್ವಾ, ಬೀದೀಲಿ ಏನಿದು" ಎಂದು ತಾಯಿಯ ಕೈ ಹಿಡಿದುಕೊಂಡರು. "ನಿನ್ ಗೇಟ್ನಾಗೆ ದಿನಾ ಇದೇ ತಾನೇನಪ್ಪಾ" ಅಂದರು ಶಿವಮ್ಮನವರು.

ಅಂದು ಸಂಜೆ ಮಾತುಕತೆ ನಡೆಯಿತು. ದಫೇದಾರನನ್ನು ಉಗ್ರಾಣಕ್ಕೆ ಹಾಕಿದರು. ಗೇಟಿಗೆ ನಾವೇ ಒಪ್ಪಿದ ಒಬ್ಬ ಹೆಂಗಸು, ಮರೆಯಲ್ಲಿ ತಪಾಸಣೆ, ಮೈ ಮುಟ್ಟುವಂತಿಲ್ಲ. ತಪಾಸಣೆಯೇ ಬೇಡವೆಂದು ನಾವು ಕೇಳಿರಲಿಲ್ಲ, ಆದ್ದರಿಂದ ಗೆದ್ದೆವು ಎನ್ನಬಹುದು. ಅಂಜಿನಮ್ಮ ಕುಣಿದಳು. ನನ್ನ ಮನಸ್ಸು ಮಾತ್ರ ಆ ವಯಸ್ಸಿಗೇ ಕೆಟ್ಟುಹೋಗಿತ್ತು. ಶಿವಮ್ಮನವರು ನಾಚಿಕೆಯಿಂದ ಬಂದರೋ, ಇಲ್ಲ, ಪುರವರದ ಹೆಂಗಸರೂ ಅಷ್ಟರಲ್ಲಿ ಆ ಬೆತ್ತಕ್ಕೆ ಬೇಸತ್ತು ಕೆಲಸ ಬಿಟ್ಟು ಹೋದದ್ದರಿಂದ ಮಗನೇ ತಾಯಿಯನ್ನು ಮುಂದಿಟ್ಟು ಮರ್ಯಾದೆಯಾಗಿ ಹಿಂದೆ ಸರಿದನೋ? ಇಂದಿಗೂ ನನಗೆ ತಿಳಿದಿಲ್ಲ. ಅತ್ತೆಯನ್ನು ಕೇಳಿದರೆ, "ಅವ್ಳ ಒಳಗಿಂದು ಅವಳ್ಗೇ ಗೊತ್ತು" ಅಂದರು. ಆಮೇಲೆ ಅವರು ಆ ಮನೆಯ ಮುಂಬಾಗಿಲಿಗೂ ಹೋಗಲಿಲ್ಲ, ಹಿತ್ತಿಲಿಗೂ ಹೋಗಲಿಲ್ಲ.

ಕೆಲಸ ಮತ್ತೆ ಶುರುವಾದ ಮೊದಲ ದಿನ ಅತ್ತೆ ತಮ್ಮ ಮೊರ ಹಿಡಿದು ಎಂದಿನ ಜಾಗದಲ್ಲಿ ಕೂತರು. ಅಕ್ಕಪಕ್ಕದವರು ಮೆಲ್ಲಗೆ ಸರಿದರು. ನಾನು ಎದ್ದು ಅವರ ಹತ್ತಿರ ಹೋಗಬೇಕೆನ್ನುವಷ್ಟರಲ್ಲಿ ಚಾಂದ್‌ಬಿ ಕೂಸಿನ ಜೋಲಿ ಬಿಚ್ಚಿ ತಂದು, ಅತ್ತೆಯ ತಲೆಯ ಮೇಲಿನ ತೊಲೆಗೆ ಕಟ್ಟಿದಳು. ಮೊರ ಎಳೆದುಕೊಂಡು ಅವರ ಪಕ್ಕದಲ್ಲೇ ಕೂತಳು.

"ನಿನ್ಗೇನ್ ಬಂದಿತ್ತೇ ಗ್ರಾಚಾರ, ಆ ಕಡೆ ಹೋಗು" ಅಂದರು ಅತ್ತೆ.

"ಈ ಜಾಗ ನಂಗೆ ಗೊತ್ತು ಖಾಲಾ" ಅಂದಳು ಅವಳು, ಚಿಕ್ಕಮ್ಮನನ್ನು ಕರೆಯುವಂತೆ. "ಒಬ್ರೇ ಕೂರೋಕ್ ಆಗಲ್ಲ."

ಯುದ್ಧ ಮುಗಿದು ಯಜಮಾನರು ಹಿಂತಿರುಗಿದರು. ನಾನು ಮತ್ತೆ ಪುಸ್ತಕ ಹಿಡಿದು, ಪರೀಕ್ಷೆ ಕಟ್ಟಿ, ಕೊರಟಗೆರೆಯ ಶಾಲೆಯಲ್ಲಿ ಮೇಡಮ್ಮನಾದೆ. ಅತ್ತೆ ನಮ್ಮ ಜೊತೆಯಲ್ಲೇ ಇದ್ದರು, ನನ್ನ ಮಕ್ಕಳನ್ನು ಎತ್ತಿ ಆಡಿಸಿದರು. ಆದರೆ ಆ ಬೇಲಿಯ ಪಕ್ಕದ ಬೆಳಗಿನಿಂದ ಮುಂದೆ ನಾನು ಹೇಳಿದ ಯಾವ ಸುದ್ದಿಯನ್ನೂ ಅವರು ಒಂದೇ ಏಟಿಗೆ ನಂಬಲಿಲ್ಲ. "ಬಸ್ಸು ತಪ್ಪಿತು ಅತ್ತೆ" ಅಂದರೂ "ಹೂಂ" ಎಂದು ಒಂದು ಸಲ ಮುಖ ನೋಡುವರು. ಅಂದು ನಾನು ಮಾಡಿದ್ದು ಸರಿ ಎಂದೇ ನನ್ನ ಲೆಕ್ಕ, ಇನ್ನೊಮ್ಮೆ ಆ ಸಂದರ್ಭ ಬಂದರೆ ಅದನ್ನೇ ಮಾಡುತ್ತೇನೆ. ಆದರೂ ಆ ನೋಟವನ್ನು ಅವರು ಇರುವವರೆಗೂ ಹೊತ್ತುಕೊಂಡೇ ಇದ್ದೆ.

ಅಂಗಡಿಯಲ್ಲಿ ಸೆರಗು ಒದರಿ ಬಂದ ಮೇಲೆ ಇದೆಲ್ಲ ಎಡೆಬಿಡದೆ ತಲೆಯಲ್ಲಿ ಸುತ್ತತೊಡಗಿತು. ಚಾಂದ್‌ಬಿ ಶಿರಾದಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಕೇಳಿದ್ದೆ. ಕಳೆದ ವಾರ ಬಸ್ಸು ಹತ್ತಿ ಹೋದೆ. ವಿಚಾರಿಸಿಕೊಂಡು ಮನೆ ಹುಡುಕಿದೆ. ಮಂಚದ ಮೇಲೆ ಕೂತಿದ್ದ, ಹಲ್ಲಿಲ್ಲದ ಮುದುಕಿ ನನ್ನನ್ನು ನೋಡುತ್ತಲೇ, "ಗಂಗಮ್ಮ ಖಾಲಾ ಸೊಸೆ!" ಅಂದಳು. ನನ್ನ ಹೆಸರು ಅವಳಿಗೆ ನೆನಪಿರಲಿಲ್ಲ.

ಹಳೆಯದನ್ನೆಲ್ಲ ಮಾತಾಡಿದೆವು. ಜೋಲಿಯಲ್ಲಿದ್ದ ಕೂಸು ಈಗ ಲಾರಿಗಳ ಗ್ಯಾರೇಜು ಇಟ್ಟಿದ್ದಾನಂತೆ. ಮಾತಿನ ನಡುವೆ ನಾನು ಸ್ವಲ್ಪ ಹೆಮ್ಮೆಯಿಂದಲೇ, ಅತ್ತೆಯನ್ನು ಹೇಗೆ ಕಂಡುಹಿಡಿದೆ, ಕೊರಟಗೆರೆ ರಸ್ತೆಯ ಸುಳ್ಳನ್ನು ಹೇಗೆ ಹೆಣೆದೆ ಎಂಬುದನ್ನು ಹೇಳಿದೆ. ಕೇಳಿ ಆದ ಮೇಲೆ,

"ನಂಗೆ ಮೊದ್ಲೇ ಗೊತ್ತಿತ್ತು" ಅಂದಳು.

"ಏನು ಗೊತ್ತಿತ್ತು?"

"ಖಾಲಾ ಹಿತ್ಲು ಬಾಗ್ಲಿಗೆ ಬರೋದು. ನಮ್ ಮೈದುನ ದಿನಾ ನೋಡ್ತಿದ್ದ. ಕುದ್ರೆ ಕಟ್ಟೋದು ಅಲ್ಲೇ ಅಲ್ವಾ. ನನ್ನ ಎಲ್ರೂ ಬಿಟ್ಟು ಎದ್ದೋದ್ರಲ್ಲ, ಅವತ್ತೇ ಬಂದು ಹೇಳ್ದ."

ಮರದ ಬೇರಿನ ಹತ್ತಿರ, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅಷ್ಟು ದಿನ ಕೂತಿದ್ದಳಲ್ಲ. ನಮ್ಮತ್ತೆ ಅವಳ ಎದುರಿಗೇ ಕೂತಿದ್ದರಲ್ಲ.

"ಮತ್ತೆ ಯಾಕೆ ಹೇಳ್ಲಿಲ್ಲ ನೀನು?"

ಚಾಂದ್‌ಬಿ ನಕ್ಕಳು. ಅದರಲ್ಲಿ ಯಾವ ಕಹಿಯೂ ಇರಲಿಲ್ಲ.

"ಹೇಳಿದ್ರೆ ನೀವು ನಂಬ್ತಿದ್ರಾ?"

ನಂಬುತ್ತಿದ್ದೆವೆಂದು ಹೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ. ಅವಳ ಮೊಮ್ಮಗಳು ಟೀ ತಂದಿಟ್ಟಳು. ತುಮಕೂರಿನ ಬಸ್ಸಿಗೆ ಹೊತ್ತಾಗಿತ್ತು. ನಾನು ಹೊರಡಲಿಲ್ಲ. ಕುರ್ಚಿ ಬಿಟ್ಟು ಎದ್ದು, ಮಂಚದ ಮೇಲೆ ಅವಳ ಪಕ್ಕದಲ್ಲಿ ಹೋಗಿ ಕೂತೆ.